ತ್ರಾಸಕ್ಕೆ ಕೋಡ್ ನಾಲ್ಕು

ಶಿವಲಿಂಗವ್ವನಿಗೆ ತನ್ನ ಕಿವಿಯ ಮೇಲೆ ಭಾರೀ ಹೆಮ್ಮೆ ಇತ್ತು. ಕಣ್ಣಿಗೆ ಚಾಳೀಸು ಬಂದಿದೆ, ಮೊಣಕಾಲು ಹಿಡಿಯುತ್ತದೆ, ಕಿವಿ ಮಾತ್ರ ಇನ್ನೂ ಇಪ್ಪತ್ತರದು ಎಂದು ಐವತ್ಮೂರರ ಈ ಹೆಂಗಸು ಸಿಕ್ಕವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸಮಾಜ ಸೇವೆಯ ಕಾರ್ಯಕರ್ತೆಯರನ್ನು ತಯಾರು ಮಾಡುವ ಒಂದು ಕೇಂದ್ರವಿದೆ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನು, ಹಾಸಿಗೆ ಹಿಡಿದ ಮುದುಕರನ್ನು, ನಡೆಯಲಾರದ ಮಕ್ಕಳನ್ನು ವಿಚಾರಿಸಿಕೊಳ್ಳುವ ಹೆಣ್ಣುಮಕ್ಕಳು ಇಲ್ಲಿಂದಲೇ ಕಲಿತು ಹೋಗುವುದು. ಅವರಿಗೆಲ್ಲ ಹದಿನಾರು ವರ್ಷದಿಂದ ಪಾಠ ಹೇಳುತ್ತಿದ್ದವಳು ಶಿವಲಿಂಗವ್ವ. ಕಲಿಯಲು ಬಂದವರಲ್ಲಿ ಡಿಗ್ರಿ ಆದವರಿದ್ದರು, ಡಬಲ್ ಡಿಗ್ರಿ ಆದವರಿದ್ದರು. ಕಲಿಸುವವಳದು ಹತ್ತನೆಯ ಇಯತ್ತೆ.

ಅವಳು ಇಲಕಲ್ಲಿನ ನೇಕಾರರ ಮನೆಯ ಮಗಳು. ಆರನೆಯ ವಯಸ್ಸಿಗೇ ಕಂಡಿಕಿ ಸುತ್ತಲು ಕೂತಳು. ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತಿ ಕೊಡುವ ಕೆಲಸ. ಅಪ್ಪನೊಂದಿಗೆ ಜಗಳ ತೆಗೆದು ಶಾಲೆ ಕಲಿತಳು. ಪವರ್‌ಲೂಮಿನಲ್ಲಿ ದುಡಿಯುವ ನಿಂಗಣ್ಣನನ್ನು ಮದುವೆಯಾದ ಮೇಲೆ ಓಣಿಯ ಹೆಂಗಸರಿಗೆ ಅರ್ಜಿ ಬರೆದುಕೊಡುತ್ತ, ಹೆರಿಗೆಗೆ ಜೊತೆ ಹೋಗುತ್ತ ಹೆಸರು ಮಾಡಿದಳು. ಹನ್ನೊಂದು ವರ್ಷ ಹಳ್ಳಿ ತಿರುಗಿದಳು. ಆಮೇಲೆ ಕೇಂದ್ರದವರೇ ಕರೆದು, ನಿನಗೆ ಬರುವುದನ್ನು ಉಳಿದವರಿಗೆ ಕಲಿಸು ಎಂದರು. ಕರೆದರೇನೋ ನಿಜ, ಕಾಯಂ ಮಾತ್ರ ಮಾಡಲಿಲ್ಲ. ಪ್ರತಿ ಮಾರ್ಚ್ ತಿಂಗಳಲ್ಲಿ ಮುಂದಿನ ವರ್ಷದ ಆದೇಶ ಬರುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳ ಪಾಠದಲ್ಲಿ ಬೋರ್ಡು ಇಲ್ಲ, ಪುಸ್ತಕ ಇಲ್ಲ. "ಅತ್ತಿ ಎದುರಿಗೆ ನಿಂತು ಸೊಸಿ 'ಆರಾಮ ಅದೀನ್ರಿ' ಅಂದ್ರ ಅದು ಆರಾಮ ಅಲ್ಲ," ಎನ್ನುವಳು. "ಅಕಿ ಏನ್ ಹೇಳಿದ್ಳು ಅನ್ನೂದು ಎಲ್ಲಾರಿಗೂ ಕೇಳಸ್ತೈತಿ. ಹೆಂಗ ಹೇಳಿದ್ಳು ಅನ್ನೂದು ಕೇಳಸಬೇಕು. ಅದಕ್ಕ ನಿಮಗ ಈ ಕೆಲಸ." ಹುಡುಗಿಯರು ತಲೆ ಆಡಿಸಿ ಬರೆದುಕೊಳ್ಳುತ್ತಿದ್ದರು. ಕಲಿಸಿದವಳೇ ಈ ಪಾಠದಲ್ಲಿ ಫೇಲಾದ ಕಥೆಯನ್ನು ಈಗ ಹೇಳಬೇಕಾಗಿದೆ.

ಹೋದ ವರ್ಷ ಕೇಂದ್ರಕ್ಕೆ ಒಂದು ಸಂಶೋಧನೆಯ ಕೆಲಸ ಬಂತು. ಕಷ್ಟಪಟ್ಟು ತರಬೇತಿ ಕೊಟ್ಟ ಕಾರ್ಯಕರ್ತೆಯರು ಎರಡು ವರ್ಷ ತುಂಬುವುದರೊಳಗೆ ಕೆಲಸ ಬಿಡುತ್ತಿದ್ದರು. ಯಾಕೆ ಬಿಡುತ್ತಾರೆ ಎಂದು ಪತ್ತೆ ಮಾಡಬೇಕಿತ್ತು. ಅದಕ್ಕಾಗಿ ಬಂದವನು ಪ್ರಬುದ್ಧ, ಮಂಡ್ಯದ ಕಡೆಯ ಹುಡುಗ, ಡಾಕ್ಟರೇಟ್ ಮಾಡಿದವನು. ಒಳ್ಳೆಯವನು, ದುಡಿಯುವವನು, ಖಾರದ ಚಟ್ನಿ ತಿಂದು ಕಣ್ಣಲ್ಲಿ ನೀರು ಸುರಿಸಿದರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವವನು. ಅವನ ಕನ್ನಡ ಮಾತ್ರ ಇಲ್ಲಿನವರಿಗೆ ರೇಡಿಯೋದ ಹಾಗೆ ಕೇಳುತ್ತಿತ್ತು.

ಅವನು ತಯಾರಿಸಿದ ಪ್ರಶ್ನಾವಳಿಯನ್ನು ಇಲ್ಲಿನ ಮಾತಿಗೆ ತಿರುಗಿಸುವ ಕೆಲಸ ಶಿವಲಿಂಗವ್ವನ ಪಾಲಿಗೆ ಬಂತು. ಇಂಥ ಕೆಲಸ ಸಿಕ್ಕರೆ ಅವಳು ಬಿಡುವವಳೇ? 'ನಿಮ್ಮ ಕುಟುಂಬದ ಸದಸ್ಯರೆಷ್ಟು' ಎಂಬುದನ್ನು 'ಮನ್ಯಾಗ ಎಷ್ಟ ಮಂದಿ ಉಣ್ಣಾವ್ರದೀರಿ' ಎಂದು ಮಾಡಿದಳು. ಹದಿನಾರು ಪ್ರಶ್ನೆ ಹೀಗೆ ಸರಸರ ದಾಟಿದವು. ಹದಿನೇಳನೆಯದರ ಹತ್ತಿರ ನಿಂತಳು. 'ಕೆಲಸದಲ್ಲಿ ನಿಮಗೆ ಕಿರುಕುಳವಾಗಿದೆಯೇ?' ಇದನ್ನು ಈ ಕಡೆಯ ಮಾತಿಗೆ ತಂದರೆ 'ಯಾರಾರ ತ್ರಾಸ ಕೊಡ್ತಾರೇನು' ಎಂದಾಗಬೇಕು. ಅದು ಅವಳಿಗೆ ತೀರಾ ಬಿಚ್ಚು ಮಾತು ಅನಿಸಿತು. ಮದುವೆಯಾಗದ ಹುಡುಗಿಗೆ ಮನೆಯವರೆದುರು ಹಾಗೆ ಕೇಳಿದರೆ ಏನಾದೀತು ಎಂದು ನಾಚಿಕೆಯಾಯಿತು. ಪೇಪರಿನಲ್ಲಿ ಬರುವ ಮಾತಿಗೆ ಒಂದು ಮರ್ಯಾದೆ ಇದೆ ಎಂದುಕೊಂಡು ಈ ಕಡೆ ಯಾರೂ ಆಡದ ಆ ಪದವನ್ನು ಇದ್ದ ಹಾಗೇ ಬಿಟ್ಟಳು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲು ತಾಲ್ಲೂಕುಗಳಲ್ಲಿ ಕೆಲಸದಲ್ಲಿದ್ದವರು, ಬಿಟ್ಟವರು ಸೇರಿ ನೂರಾ ಹದಿನೆಂಟು ಕಾರ್ಯಕರ್ತೆಯರನ್ನು ಮಾತಾಡಿಸಿದರು. ಕೇಳಲು ಹೋದವರು ಚೇತನಾ ಮತ್ತಿತರ ಕಾಲೇಜು ಹುಡುಗಿಯರು. ಫಾರ್ಮುಗಳು ತುಂಬಿ ಬಂದಾಗ ಹದಿನೇಳಕ್ಕೆ ಎಲ್ಲರದೂ ಒಂದೇ ಉತ್ತರ: ಇಲ್ಲ. ಹದಿನೆಂಟನೆಯದು, 'ಕೆಲಸ ಬಿಡಬೇಕು ಅನಿಸಿದ್ದರೆ ಯಾಕ?' ಅದಕ್ಕಿದ್ದದ್ದು ಎರಡು ಬೆರಳಗಲದ ಖಾನೆ. ನಲವತ್ತೊಂದು ಫಾರ್ಮುಗಳಲ್ಲಿ ಆ ಖಾನೆಯೊಳಗೆ ಒಂದೇ ಪದ ಇತ್ತು. ತ್ರಾಸ.

"ತ್ರಾಸ ಅಂದ್ರೆ ಏನು ಮೇಡಂ?" ಪ್ರಬುದ್ಧ ಕೇಳಿದ. ಉತ್ತರಗಳನ್ನೆಲ್ಲ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡಬೇಕಿತ್ತು. ಮನೆಯ ಅಡಚಣೆಗೆ ಒಂದು, ದೂರಕ್ಕೆ ಎರಡು, ಸಂಬಳಕ್ಕೆ ಮೂರು, ದಣಿವಿಗೆ ನಾಲ್ಕು, ಹೀಗೆ ಒಂದೊಂದು ಕಾರಣಕ್ಕೆ ಒಂದು ಕೋಡ್.

"ದಣಿವು ಸರ್. ಅಡ್ಡಾಡಿ ಅಡ್ಡಾಡಿ ಸಾಕಾಗೂದಕ್ಕ ಹಂಗಂತಾರ್ರಿ."

"ಹಾಗಾದ್ರೆ ನಾಲ್ಕು ಹಾಕಿ ಮೇಡಂ."

ನಾಲ್ಕು, ನಾಲ್ಕು, ನಾಲ್ಕು ಎಂದು ಹಾಕುತ್ತ ಹೋದಳು. ಮರೋಳದ ಆಫ್ರೀನಳ ಫಾರ್ಮು ಬಂದಾಗ ಅವಳ ಪೆನ್ನು ನಿಂತಿತು. ಅದರಲ್ಲಿ ಚೇತನಾ 'ತ್ರಾಸ (ಸಹಿ)' ಎಂದು ಬರೆದಿದ್ದಳು. ಸಹಿ ಎಂದರೆ ತಿಂಗಳ ಡೈರಿಗೆ ಮೇಲ್ವಿಚಾರಕನ ಸಹಿ, ಅದಿಲ್ಲದೆ ಆ ತಿಂಗಳ ಸಂಬಳ ಇಲ್ಲ. ಹುನಗುಂದದ ಮೇಲ್ವಿಚಾರಕ ಶಿವಪುತ್ರ. ಆರು ವರ್ಷದ ಹಿಂದೆ ಮೇಲ್ವಿಚಾರಕರ ತರಬೇತಿಗೆ ಬಂದು ಶಿವಲಿಂಗವ್ವನ ಮುಂದೆಯೇ ಕೂತು ಕಲಿತವನು, ಕಂಡಾಗಲೆಲ್ಲ ಅವ್ವಾರ ಎಂದು ಕಾಲು ಮುಟ್ಟುವವನು. ಅವನ ಮದುವೆಯಲ್ಲಿ ಅಕ್ಷತೆ ಹಾಕಿ ಬಂದಿದ್ದಳು. ಸಹಿ ಮಾಡಿಸಲು ಮರೋಳದಿಂದ ಹುನಗುಂದಕ್ಕೆ ಬರಬೇಕಲ್ಲ, ಬಸ್ಸಿನ ತ್ರಾಸ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆ ಎರಡಕ್ಷರವನ್ನು ಇನ್ನೊಮ್ಮೆ ಓದಿದಳು. ಆದರೂ ನಾಲ್ಕು ಎಂದು ಬರೆದಳು.

ಕಂಪ್ಯೂಟರು ತನಗೆ ಕೊಟ್ಟದ್ದನ್ನೇ ವಾಪಸು ಕೊಟ್ಟಿತು. ಕಾರ್ಯಕರ್ತೆಯರು ಬಿಡುವುದು ದಣಿವಿನಿಂದ. ಕಿರುಕುಳದ ಒಂದೇ ಒಂದು ಪ್ರಕರಣವೂ ಇಲ್ಲ. ವರದಿ ಅಚ್ಚಾಗುವ ಮೊದಲೇ ನೆರವು ಕೊಡುವವರು ಖುಷಿಯಾಗಿ ಎಲ್ಲರಿಗೂ ಕ್ಯಾನ್ವಾಸ್ ಬೂಟು ಮಂಜೂರು ಮಾಡಿದರು. ಆಯಾ ತಾಲ್ಲೂಕಿನ ಮೇಲ್ವಿಚಾರಕರೇ ಅವನ್ನು ಹಂಚಿದರು. ಹುನಗುಂದದಲ್ಲಿ ದೂರುಗಳೇ ಇಲ್ಲದ ಕಾರಣ ಶಿವಪುತ್ರನಿಗೆ ಇಲಕಲ್ಲು, ಬಾದಾಮಿ ತಾಲ್ಲೂಕುಗಳ ಉಸ್ತುವಾರಿಯನ್ನೂ ಕೊಡುವುದೆಂದು ಮಾತಾಯಿತು. ಜನವರಿ ಕೊನೆಗೆ ವರದಿ ಬಿಡುಗಡೆ. ಮುಖಪುಟದ ಮೇಲೆ ಪ್ರಬುದ್ಧನ ಹೆಸರಿನ ಕೆಳಗೆ ಶಿವಲಿಂಗವ್ವನ ಹೆಸರೂ ಇತ್ತು. ಅಚ್ಚಿನಲ್ಲಿ ತನ್ನ ಹೆಸರನ್ನು ಅವಳು ಮದುವೆಯ ಪತ್ರಿಕೆಯ ಆಚೆಗೆ ಕಂಡದ್ದು ಅದೇ ಮೊದಲು. ಈ ಸಲವಾದರೂ ಕಾಯಂ ಆಗಬಹುದೆಂದು ನಿಂಗಣ್ಣ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ.

ಬಿಡುಗಡೆಗೆ ಹತ್ತು ದಿನ ಇರುವಾಗ ಆಫ್ರೀನಳ ರಾಜೀನಾಮೆ ಬಂತು. ಕಾರಣ ಎಂಬಲ್ಲಿ ಅದೇ ಒಂದು ಪದ. ಬಿಟ್ಟುಹೋದವರನ್ನು ರಮಿಸಿ ಕರೆತರುವುದೂ ಶಿವಲಿಂಗವ್ವನ ಕೆಲಸವೇ ಆದದ್ದರಿಂದ ಮರುದಿನ ಹುನಗುಂದಕ್ಕೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಮರೋಳಕ್ಕೆ ಹೋದಳು. ಏತ ನೀರಾವರಿಯ ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಹೊಲಗಳಲ್ಲಿ ಜನ ಇದ್ದರು. ಆಫ್ರೀನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಕಡಲೆಗಿಡ ಬಿಡಿಸುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಗಂಡ ಬಿಟ್ಟ ಮೇಲೆ ತಾಯಿ ಕಾಸಿಂಬಿಯ ಜೊತೆಗಿರುವವಳು. ತಾನು ಕಲಿತ ವರ್ಷದ ತರಬೇತಿಯಲ್ಲಿ ಇವಳೇ ಎಲ್ಲರಿಗಿಂತ ಚುರುಕು.

ಕಾಸಿಂಬಿ ನೀರು ಕೊಟ್ಟಳು, ಚಹಾ ಮಾಡಿ ಕೊಟ್ಟು ಹಿತ್ತಲಿಗೆ ಹೋದಳು. ಶಿವಲಿಂಗವ್ವ ತನ್ನ ಹಳೆಯ ರಾಗ ತೆಗೆದಳು: ಇಷ್ಟು ಶಾಣೆ ಹುಡುಗಿ ಮನೆಯಲ್ಲಿ ಕೂತರೆ ಹೆಂಗ, ದಣಿವು ಎಲ್ಲರಿಗೂ ಆಗುತ್ತದೆ, ಅದಕ್ಕೇ ಅಲ್ಲವೇ ಬೂಟು ಕಳಿಸಿದ್ದು.

ಬೂಟು ಎನ್ನುತ್ತಲೇ ಆಫ್ರೀನಳ ಕೈ ನಿಂತಿತು. "ಅಕ್ಕಾರ, ನನಗ ಖರೇ ಹೇಳ್ರಿ. ನನ್ನ ಮಾತಿಗೆ ನೀವು ಬೂಟು ಕಳಿಸಿದ್ರೇನು?"

"ಯಾವ ಮಾತಿಗವಾ?"

"ಆಗಸ್ಟ್‌ನ್ಯಾಗ ನಿಮ್ಮ ಹುಡುಗಿ ಬಂದಿದ್ಳಲ್ರಿ, ಕಾಗದ ಹಿಡಕೊಂಡು. ಅಕಿಗೆ ಹೇಳಿದ್ನಿ. ಡೈರಿ ಸಹಿಗೆ ಹೋದ್ರ ತ್ರಾಸ ಕೊಡ್ತಾರ ಅಂತ ಹೇಳಿದ್ನಿ. ಆಫೀಸಿಗೆ ಬರಬ್ಯಾಡ, ರೂಮಿಗೇ ಬಾ ಅಂತಾರ. ಕೈ ಹಿಡೀತಾರ. ಒಲ್ಲೆ ಅಂದ್ರ ಆ ತಿಂಗಳ ಸಹಿ ಇಲ್ಲ. ಮನ್ಯಾಗ ಅವ್ವ ಇದ್ಳು, ಇಷ್ಟೆಲ್ಲಾ ಹೇಳಾಕ ಬರಲಿಲ್ಲ. ತ್ರಾಸ ಕೊಡ್ತಾರ ಅಂದ್ನಿ. ಅಕಿ ತಲಿ ಆಡಿಸಿ ಬರಕೊಂಡ್ಳು. ಅಕ್ಕಾರ ಓದ್ತಾರ, ಅವರಿಗೆ ತಿಳೀತೈತಿ ಅಂತ ಎರಡ ತಿಂಗಳ ದಾರಿ ನೋಡಿದ್ನಿ. ಆಮ್ಯಾಲೆ ಆ ಮನಶ್ಯಾನ ಬಂದು ನನ್ನ ಕೈಯಾಗ ಬೂಟಿನ ಡಬ್ಬಿ ಕೊಟ್ಟ. ನಿನ್ನ ತ್ರಾಸ ಸಾಹೇಬ್ರಿಗೆ ಮುಟ್ಟೈತಿ ನೋಡ, ಅಂದು ನಕ್ಕ."

ಶಿವಲಿಂಗವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು. ಆಗ್ತೈತಿ ಎಂದರೆ ದಣಿವಿನ ತ್ರಾಸ, ಕೊಡ್ತಾರ ಎಂದರೆ ಇನ್ನೊಂದು. ಎರಡನ್ನೂ ಬೇರೆ ಮಾಡುವುದು ಮುಂದಿನ ಒಂದು ಮಾತು. ಆ ಮಾತು ಖಾನೆಯಲ್ಲಿ ಹಿಡಿಸಲಿಲ್ಲ. ನಲವತ್ತೊಂದು ಹೆಣ್ಣುಮಕ್ಕಳು ಏನೆಂದು ಮುಗಿಸಿದ್ದರೋ ಯಾವ ಕಾಗದದಲ್ಲೂ ಇರಲಿಲ್ಲ. ಇದನ್ನು ಕೇಳಲೆಂದೇ ಕಿವಿ ಇಟ್ಟುಕೊಂಡವಳು ತಾನು ಎಂದು ಎಣಿಸಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಾ ಎಂದು ಆಫ್ರೀನಳನ್ನು ಇನ್ನೊಮ್ಮೆ ಕರೆಯುವ ಧೈರ್ಯ ಬರಲಿಲ್ಲ. ಎದ್ದು ಬಂದಳು.

ಮುಂದಿನ ಐದು ದಿನ ಮೈಗೆ ಹುಷಾರಿಲ್ಲವೆಂದು ರಜೆ ಹಾಕಿ ಊರೂರು ತಿರುಗಿದಳು. ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು ಜನ ಸಿಕ್ಕರು. ಎಲ್ಲರಿಗೂ ಒಂದೇ ಪ್ರಶ್ನೆ: ತ್ರಾಸ ಆಗ್ತಿತ್ತೋ, ಯಾರಾರ ಕೊಡ್ತಿದ್ರೋ? ಮಹಾಕೂಟದ ಹತ್ತಿರ ಪ್ರೀತಿ ಎಂಬ ಹುಡುಗಿ ಗುಡಿಗೆ ಬಂದವರಿಗೆ ಹೂವು ಮಾರುತ್ತಿದ್ದಳು, ಕೆಲಸ ಬಿಟ್ಟು ಒಂದು ವರ್ಷವಾಗಿತ್ತು. ಪ್ರಶ್ನೆ ಕೇಳಿ ಅವಳು ಹೂಬುಟ್ಟಿಯ ಮೇಲೆ ಬಟ್ಟೆ ಹೊದಿಸಿದಳು. "ಗುಡ್ಡಾ ಹತ್ತಿ ಇಳದ್ರ ನನಗ ಯಾಕ ತ್ರಾಸ ಆಕ್ಕೈತಿ ಅಕ್ಕಾರ? ನಾ ಇಲ್ಲೇ ಹುಟ್ಟೀನಿ," ಎಂದಳು. ಮುಂದಿನದನ್ನು ಅಳುತ್ತಲೇ ಹೇಳಿದಳು. ಬಾದಾಮಿಯ ಮೇಲ್ವಿಚಾರಕ ಬೇರೆಯವನು, ರೂಮು ಬೇರೆ, ಸಹಿ ಮಾತ್ರ ಅದೇ. ಇಪ್ಪತ್ತೊಂಬತ್ತರಲ್ಲಿ ಹದಿನೇಳು ಜನ ಕೊಡ್ತಿದ್ರು ಎಂದರು. ಅದರಲ್ಲಿ ಒಂಬತ್ತು ಶಿವಪುತ್ರನ ತಾಲ್ಲೂಕಿನವರು.

ಆರನೆಯ ದಿನ ಶಿವಪುತ್ರನ ಫೋನು ಬಂತು. "ಅವ್ವಾರ, ಆರಾಮ ಅದೀರಿಲ್ರಿ? ಊರೂರು ಅಡ್ಡಾಡಿ ಏನೇನೋ ಕೇಳಾಕತ್ತೀರಂತ. ಯಾರ ಮಾತು ಹಿಡಕೊಂಡು ಹೊಂಟೀರಿ? ಕೋಡ್ ಹಾಕಿದ್ದು ನೀವಽ ಅಂತಲ್ರಿ. ನಾಳೆ ಏನಾರ ಆದ್ರ ಮೊದಲ ನಿಮ್ಮ ಹೆಸರ ಬರ್ತೈತಿ. ಮಾರ್ಚ್ ಬ್ಯಾರೆ ಬಂತು. ಮಗಾ ಆಗಿ ಹೇಳಾಕತ್ತೀನ್ರಿ." ದನಿಯಲ್ಲಿ ಬೆಲ್ಲ ಇತ್ತು. ಅದೇ ದನಿಗೆ ಆರು ವರ್ಷ ಕರಗಿದ್ದು ನೆನಪಾಗಿ ಶಿವಲಿಂಗವ್ವ ಫೋನು ಇಟ್ಟಳು.

ಅಂದೇ ಪ್ರಬುದ್ಧನ ಮುಂದೆ ಹೋಗಿ ಊರೂರಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಹುಡುಗ ಬಿಳಿಚಿಕೊಂಡ. ಅಚ್ಚಾಗಿ ಬಂದ ವರದಿಯ ಕಟ್ಟುಗಳು ಅವನ ಮೇಜಿನ ಪಕ್ಕದಲ್ಲೇ ಇದ್ದವು. ಅವನು ಅವನ್ನು ಗೋಡೆಯ ಕಡೆಗೆ ಸರಿಸಿ, ಬಿಡುಗಡೆ ನಿಲ್ಲಿಸುತ್ತೇನೆ ಎಂದ. ಇದಕ್ಕಾಗಿ ಅವನನ್ನು ಮೆಚ್ಚಲೇಬೇಕು. ಒಂದು ಅಡಿ ಟಿಪ್ಪಣಿ ಹಾಕಿ ಕೈ ತೊಳೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

"ಭಾಷಾಂತರದಲ್ಲಿ ಆದ ದೋಷ ಅಂತ ಬರೀತೀನಿ ಮೇಡಂ. ನನ್ನದೂ ತಪ್ಪಿದೆ. ನೀವೇನು ಬೇಕೂಂತ ಮಾಡಿದ್ದಲ್ವಲ್ಲ. ನಿಮ್ಮ ಕೆಲಸಕ್ಕೆ ತೊಂದ್ರೆ ಆಗದ ಹಾಗೆ ನೋಡ್ಕೋತೀನಿ."

ಆಫ್ರೀನಳ ಫಾರ್ಮಿನ ಎದುರು ಪೆನ್ನು ನಿಂತಿದ್ದ ಸಂಗತಿಯನ್ನು ಶಿವಲಿಂಗವ್ವ ಒಳಗೇ ಇಟ್ಟುಕೊಂಡಳು.

"ಆದ್ರೆ ಇನ್ನೊಂದಿದೆ," ಎಂದ ಪ್ರಬುದ್ಧ. "ಸಂಶೋಧನೆಯಲ್ಲಿ ನಾವು ಯಾರ ಹೆಸರೂ ಹೇಳೋ ಹಾಗಿಲ್ಲ. ಬರೀ ಸಂಖ್ಯೆ ಕೊಟ್ಟರೆ ಆ ಮೇಲ್ವಿಚಾರಕರನ್ನ ಬೇರೆ ತಾಲ್ಲೂಕಿಗೆ ಹಾಕ್ತಾರೆ, ಅಷ್ಟೇ. ದೂರು ಸಮಿತಿ ವಿಚಾರಣೆ ಮಾಡಬೇಕಂದ್ರೆ ಒಬ್ಬರಾದ್ರೂ ಹೆಸರು ಬರೆದು ಸಹಿ ಹಾಕಿ ಕೊಡಬೇಕು."

ಬೇರೆ ತಾಲ್ಲೂಕಿಗೆ ಹೋದರೆ ಅಲ್ಲಿಯೂ ಹುಡುಗಿಯರಿದ್ದಾರೆ, ಅಲ್ಲಿಯೂ ಡೈರಿ ಇದೆ. ಅವರಿಗೂ ತಾನೇ ಪಾಠ ಹೇಳಿ ಕಳಿಸಿದ್ದು. ಶಿವಲಿಂಗವ್ವ ಹದಿನೇಳು ಜನರಿಗೂ ಫೋನು ಮಾಡಿದಳು. ಕೆಲವರ ಗಂಡಂದಿರು ಎತ್ತಿದರು. ಕೆಲವರು ನಮ್ಮ ಹೆಸರು ಬ್ಯಾಡ್ರಿ ಎಂದು ಬೇಡಿಕೊಂಡರು. ಒಬ್ಬಳು ಮಾತ್ರ ಬರ್ರಿ ಎಂದಳು, ಆಫ್ರೀನ.

ಮತ್ತೆ ಮರೋಳ. ಈ ಸಲ ಕಾಸಿಂಬಿ ಚಹಾಕ್ಕಿಡಲಿಲ್ಲ. ಮಗಳ ಬೆನ್ನಿಗೆ ಹೊಂದಿ ಕೂತಳು. ಮಗಳು ಆಗಸ್ಟಿನಲ್ಲಿ ನುಂಗಿದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು. ಶಿವಲಿಂಗವ್ವ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಹಾಳೆಗಳನ್ನು ತೆಗೆದಳು. ಇದು ಖಾನೆ ಇಲ್ಲದ ಬಿಳಿ ಹಾಳೆ. ಆಫ್ರೀನ ಹೇಳುತ್ತ ಹೋದಳು, ಇವಳು ಹಾಗೆಯೇ ಬರೆಯುತ್ತ ಹೋದಳು. ಯಾವ ತಿಂಗಳು, ಯಾವ ರೂಮು, ಅವನು ಏನೆಂದ, ಇವಳು ಏನೆಂದಳು. ಎರಡು ಹಾಳೆ ತುಂಬಿ ಮೂರನೆಯದಕ್ಕೆ ಬಂತು. ಬರೆದದ್ದನ್ನು ಓದಿ ಹೇಳಿದಳು. ಒಂದು ಕಡೆ ಆಫ್ರೀನ ತಿದ್ದಿದಳು: 'ಹಿಡಿದರು' ಅಲ್ಲ, 'ಬಿಡಲಿಲ್ಲ'. ತಿದ್ದಿ ಮತ್ತೆ ಓದಿದಳು.

ಪೆನ್ನು ಕೊಡಲು ಹೋದಾಗ ಆಫ್ರೀನ ಕೈ ಚಾಚಲಿಲ್ಲ. "ಒಂದ ಮಾತು ಕೇಳ್ತೇನಿ. ನನ್ನ ಫಾರ್ಮ್ ಯಾರ ಓದಿದ್ರು?"

"ನಾನಽ ಓದಿದ್ನಿ."

"ಅದರಾಗ ಸಹಿ ಅಂತ ಅಕಿ ಬರದದ್ದು ನಾ ನೋಡೀನ್ರಿ. ಅದನ್ನ ಓದಿದಾಗ ನಿಮಗ ಏನೂ ತಿಳೀಲಿಲ್ಲೇನ್ರಿ?"

ತಿಳಿಯಲಿಲ್ಲ ಎಂದುಬಿಟ್ಟರೆ ಮುಗಿದಿತ್ತು. ಭಾಷಾಂತರದ ದೋಷ ಎಂದು ಪ್ರಬುದ್ಧ ಆಗಲೇ ಬರೆದಾಗಿತ್ತು. ಮಾರ್ಚ್ ತಿಂಗಳ ಆದೇಶ ಬರುತ್ತಿತ್ತು, ನಿಂಗಣ್ಣನಿಗೆ ಓಣಿಯಲ್ಲಿ ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ. ತಿಳಿದಿತ್ತು ಎಂದರೆ ಈ ಹುಡುಗಿ ಸಹಿ ಮಾಡದೆ ಎದ್ದು ಒಳಗೆ ಹೋದರೂ ಹೋದಳೇ.

"ಅನುಮಾನ ಬಂದಿತ್ತವಾ," ಎಂದಳು. "ಪೆನ್ನು ನಿಂತಿತ್ತು. ಅಂವ ನಾ ಕಲಿಸಿದ ಹುಡುಗ, ಹಂಗ ಮಾಡಾಂವ ಅಲ್ಲ ಅಂತ ನನಗ ನಾನಽ ಹೇಳಿಕೊಂಡ್ನಿ. ಬಸ್ಸಿನ ತ್ರಾಸ ಇರಬೇಕು ಅಂತ ನಾಲ್ಕು ಹಾಕಿದ್ನಿ."

ಕಾಸಿಂಬಿ ಮುಖ ಆ ಕಡೆ ತಿರುಗಿಸಿದಳು. ಆಫ್ರೀನ ಎದ್ದು ನಿಜವಾಗಿಯೂ ಒಳಗೆ ಹೋದಳು. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಶಿವಲಿಂಗವ್ವ ಹಾಳೆಗಳನ್ನು ಹಿಡಿದು ಕೂತಿದ್ದಳು, ಅಳುವುದಕ್ಕೂ ತನಗೆ ಹಕ್ಕಿಲ್ಲ ಅನಿಸಿ ಅಳಲಿಲ್ಲ. ಹದಿನಾರು ವರ್ಷ ಕಲಿಸಿದ್ದೆಲ್ಲ ಈ ಕಟ್ಟೆಯ ಮೇಲೆ ಬಂದು ನಿಂತಂತಾಗಿತ್ತು.

ಆಫ್ರೀನ ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಎದುರಿಗೆ ಕೂತು, ಮೂರನೆಯ ಹಾಳೆಯಲ್ಲಿ ಉಳಿದ ಜಾಗದ ಮೇಲೆ ಬೆರಳಿಟ್ಟಳು.

"ಅದನ್ನೂ ಇದರಾಗ ಬರೀರಿ. ಅದಿದ್ರ ನಾ ಸಹಿ ಮಾಡ್ತೇನಿ."

ಶಿವಲಿಂಗವ್ವ ಬರೆದಳು. 'ಈ ಹುಡುಗಿ ಆಗಸ್ಟ್ ತಿಂಗಳಿನಲ್ಲಿಯೇ ಹೇಳಿದ್ದಳು. ನಾನು ಓದಿದೆ. ನನಗೆ ಅನುಮಾನ ಬಂತು. ಬಂದರೂ ದಣಿವು ಎಂದು ಬರೆದೆ.' ಕೆಳಗೆ ತನ್ನ ಪೂರ್ತಿ ಹೆಸರು, ಕೇಂದ್ರದಲ್ಲಿನ ತನ್ನ ಹುದ್ದೆ ಹಾಕಿದಳು. ಉಳಿದದ್ದನ್ನು ಓದಿದ ಹಾಗೆ ಇದನ್ನೂ ಗಟ್ಟಿಯಾಗಿ ಓದಿ ಹೇಳಿದಳು. ಅವಳ ದನಿ ನಡುಗಿ ಕೊನೆಯ ಸಾಲು ಸರಿಯಾಗಿ ಕೇಳಿಸಲಿಲ್ಲ.

"ಇನ್ನೊಮ್ಮೆ ಓದ್ರಿ," ಎಂದಳು ಆಫ್ರೀನ.

ಶಿವಲಿಂಗವ್ವ ಇನ್ನೊಮ್ಮೆ ಓದಿದಳು. ಆಫ್ರೀನ ಪೂರ್ತಿ ಕೇಳಿ, ಪೆನ್ನು ತೆಗೆದುಕೊಂಡು ಸಹಿ ಮಾಡಿದಳು.